‘ಶಾರ್ಕ್’ ಮರಿ ತಂದ ಅಂಗಡಿ: ಮೀನಿಗೆ 4 ಸ್ಟಾರ್, ಮಾತಿಗೆ 1

ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಶಾರ್ಕ್’ ಅಂತ ಮಾರುವುದು ಪಂಗಾಸಿಯಸ್ ಮೀನನ್ನು. ಅದು ಆಗ್ನೇಯ ಏಷ್ಯಾದ ಮೆಕಾಂಗ್ ನದಿ ಕಡೆಯ ಕ್ಯಾಟ್‌ಫಿಶ್. ನಮ್ಮ ಏರಿಯಾದ ಅಂಗಡಿಯಲ್ಲಿ ಮರಿಗಳು ಚೆನ್ನಾಗಿದ್ದವು. ಮೈಮೇಲಿನ ಕಪ್ಪು ಪಟ್ಟೆ ಸ್ಪಷ್ಟವಾಗಿತ್ತು, ಮೂತಿಯಲ್ಲಿ ಗಾಯ ಇರಲಿಲ್ಲ. ಮೂತಿ ನೋಡಿಯೇ ಕೊಳ್ಳಬೇಕು, ಯಾಕೆಂದರೆ ಇದು ಮಹಾ ಪುಕ್ಕಲು ಮೀನು. ಫಟ್ಟಂತ ಲೈಟ್ ಹಾಕಿದರೂ ಗಾಜಿಗೆ ಢೀ ಹೊಡೆದು, ಸತ್ತ ಹಾಗೆ ಅಡ್ಡ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಏನೂ ಆಗದವರಂತೆ ಎದ್ದು ಈಜುತ್ತದೆ! ಅಮ್ಮ ಈಗ ಮೊದಲು ಹಾಲ್ ಲೈಟ್ ಹಾಕಿ, ಆಮೇಲೆ ಟ್ಯಾಂಕ್ ಲೈಟ್ ಹಾಕುತ್ತಾರೆ.

ಪ್ಯಾಕಿಂಗ್‌ಗೂ ದೂರಿಲ್ಲ. ಡಬಲ್ ಕವರ್, ಆಕ್ಸಿಜನ್, ಮೇಲೆ ಪೇಪರ್ ಸುತ್ತಿ ಕೊಟ್ಟರು.

ಬೇಜಾರಾಗಿದ್ದು ಮಾತಿಗೆ. ‘ಎರಡಡಿ ಟ್ಯಾಂಕ್ ಸಾಕು ಸಾರ್, ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ’ ಅಂದರು. ಸುಮ್ನೆ ಮಾತು. ಇದು 1 ಮೀಟರ್ ದಾಟಿ ಬೆಳೆಯುವ ಮೀನು, ಮೇಲಾಗಿ ಗುಂಪಿನಲ್ಲೇ ಇರಬೇಕು. ಜೊತೆಗೆ ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಬಾಟಲಿಯನ್ನೂ ಕೈಗಿಡಲು ಬಂದರು. ಈ ಮೀನಿನ ಹುರುಪೆ (ಶಲ್ಕ) ಇಲ್ಲದ ಮೈಗೆ ತಾಮ್ರ ಜಾಸ್ತಿಯಾಗುತ್ತೆ ಅಲ್ವಾ? ಬೇಡ ಅಂದೆ. ನಮ್ಮ ಆರಡಿ ಟ್ಯಾಂಕೂ ಮರಿಗಳಿಗಷ್ಟೇ ಸಾಕು. ಬೆಳೆದ ಮೇಲೆ ಚಿಕ್ಕಪ್ಪನ ತೋಟದ ಸಿಮೆಂಟ್ ತೊಟ್ಟಿಗೆ ಹೋಗುತ್ತವೆ, ಅವರು ಒಪ್ಪಿದ್ದಾರೆ.