ಬಿಡದಿಯಿಂದ ಎಂ.ಜಿ. ರಸ್ತೆಗೆ: ರೈಲಾ, ಮೆಟ್ರೋನಾ? ಗಾಡಿ ಎಲ್ಲಿ ಬಿಡೋದು?

ಬಿಡದಿಯಲ್ಲಿ ಮನೆ, ಎಂ.ಜಿ. ರಸ್ತೆ ಹತ್ತಿರ ಆಫೀಸು. ಇಲ್ಲಿ ಸೈಟು, ಫ್ಲ್ಯಾಟು ನೋಡೋಕೆ ಬರುವವರೆಲ್ಲ ಕೇಳುವುದು ಒಂದೇ: ದಿನಾ ಬೆಂಗಳೂರಿಗೆ ಹೋಗಿ ಬರೋದು ಹೇಗೆ? ರೈಲಿದೆ, ಕೆಂಗೇರಿಗೆ ಹೋದರೆ ಮೆಟ್ರೋ ಇದೆ ಎಂದು ಮಾರುವವರು ಹೇಳಿ ಮುಗಿಸುತ್ತಾರೆ. ಸ್ಟೇಷನ್ ತನಕ ಓಡಿಸಿಕೊಂಡು ಹೋದ ಗಾಡಿಯನ್ನು ಸಂಜೆ ತನಕ ಎಲ್ಲಿ ಬಿಡಬೇಕು ಎಂಬುದರ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ನಾನು ಎರಡು ದಾರಿಯನ್ನೂ ಸಾಕಷ್ಟು ದಿನ ಓಡಾಡಿ ನೋಡಿದ್ದೇನೆ. ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಎಷ್ಟು ನೆಮ್ಮದಿಯಾಗಿ ಆಫೀಸ್ ಸೇರಬೇಕು ಎಂಬುದೆಲ್ಲ ಕೊನೆಗೆ ನಿಲ್ಲುವುದು ಈ ಪಾರ್ಕಿಂಗ್ ಮೇಲೇ.

ಮೊದಲು ರೈಲು. ಮನೆಯಿಂದ ಬಿಡದಿ ಸ್ಟೇಷನ್‌ಗೆ ಸ್ಕೂಟರ್‌ನಲ್ಲಿ ಸ್ವಲ್ಪವೇ ದೂರ. ಅಲ್ಲಿಂದ ಹೆಜ್ಜಾಲ, ಕೆಂಗೇರಿ, ನಾಯಂಡಹಳ್ಳಿ ದಾಟಿ ಸಿಟಿ ಸ್ಟೇಷನ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಳಿದ ಮೇಲೆ 10ನೇ ಪ್ಲಾಟ್‌ಫಾರ್ಮ್ ಕಡೆಯ ಮೇಲ್ಸೇತುವೆ ಹತ್ತಿ ಮೆಟ್ರೋಗೆ ಹೋದರೆ ಎಂ.ಜಿ. ರಸ್ತೆಗೆ ಕೆಲವೇ ಸ್ಟಾಪು. ಖರ್ಚಿನ ವಿಷಯದಲ್ಲಿ ರೈಲಿನ ಹತ್ತಿರ ಯಾವುದೂ ಸುಳಿಯಲ್ಲ. ಸೆಕೆಂಡ್ ಕ್ಲಾಸ್ ಮಂತ್ಲಿ ಪಾಸ್ ಬಿಡದಿಯಿಂದ ಸಿಟಿಗೆ 200 ರೂಪಾಯಿ ಒಳಗೇ ಬರುತ್ತದೆ, ಅದೂ ಇಡೀ ತಿಂಗಳಿಗೆ. ಮೊಬೈಲ್‌ನಲ್ಲೇ ತೆಗೆದುಕೊಳ್ಳಬಹುದು, ಕ್ಯೂ ನಿಲ್ಲೋ ಕೆಲಸ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ. ಪಾಸ್ ಇದೆ ಎಂದು ಎಲ್ಲ ಎಕ್ಸ್‌ಪ್ರೆಸ್‌ಗೂ ಹತ್ತಬೇಡಿ. ಯಾವ ರೈಲಿಗೆ ನಡೆಯುತ್ತದೆ ಎಂದು ಮೊದಲೇ ಕೇಳಿಕೊಳ್ಳಿ, ರಿಸರ್ವೇಷನ್ ಬೋಗಿ ಕಡೆಗಂತೂ ಹೋಗಲೇಬೇಡಿ.

ಸೀಟಿನ ಆಸೆ ಇಟ್ಟುಕೊಳ್ಳಬೇಡಿ. ಮೈಸೂರಿನಿಂದ ಬರುವ ರೈಲುಗಳು ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಲ್ಲೇ ತುಂಬಿಕೊಂಡು ಬಂದಿರುತ್ತವೆ. ಬಿಡದಿಯಲ್ಲಿ ಹತ್ತುವವರಿಗೆ ಉಳಿಯುವುದು ಬಾಗಿಲ ಹತ್ತಿರದ ಜಾಗ. ಮಹಿಳಾ ಬೋಗಿ ಇದ್ದರೆ ಅದು ಪ್ಲಾಟ್‌ಫಾರ್ಮ್‌ನಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ದಿನಾ ಹೋಗುವ ಹೆಂಗಸರನ್ನು ಕೇಳಿ ತಿಳಿದುಕೊಂಡರೆ ಅರ್ಧ ಕಷ್ಟ ಕಡಿಮೆ. ಒಂದು ವಾರ ಮುಖ ತೋರಿಸಿದರೆ ಸಾಕು, ಆಮೇಲೆ ಅವರೇ ಬ್ಯಾಗ್ ಇಸಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ, ಕೆಂಗೇರಿಯಲ್ಲಿ ಯಾರಾದರೂ ಇಳಿದರೆ "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಕರೆಯುತ್ತಾರೆ. ಮೆಟ್ರೋದಲ್ಲಿ ಇಷ್ಟು ದಿನ ಓಡಾಡಿದರೂ ಪಕ್ಕದವರ ಹೆಸರು ನನಗೆ ಗೊತ್ತಿಲ್ಲ.

ಇನ್ನು ಗಾಡಿ. ಸ್ಟೇಷನ್ ಹೊರಗೆ ಮರದ ಕೆಳಗೆ, ಕಾಂಪೌಂಡ್ ಪಕ್ಕ ಸುಮ್ನೆ ನಿಲ್ಲಿಸಿ ಹೋಗುವವರು ಎಲ್ಲ ಸಣ್ಣ ಸ್ಟೇಷನ್‌ಗಳಲ್ಲೂ ಇದ್ದಾರೆ. ದುಡ್ಡು ಉಳಿಯುತ್ತದೆ ನಿಜ. ಆದರೆ ಬೆಳಗ್ಗೆ ತಡವಾದರೆ ಜಾಗ ಇರಲ್ಲ. ಮಳೆ, ಬಿಸಿಲು, ಹಕ್ಕಿ ಹಿಕ್ಕೆ ಎಲ್ಲಾ ಸೀಟಿನ ಮೇಲೆಯೇ. ಕಾಸು ಕೊಟ್ಟು ಬಿಡುವ ಜಾಗದಲ್ಲೂ ಪೂರ್ತಿ ನಿಶ್ಚಿಂತೆ ಎಂದು ಹೇಳಲಾರೆ. ಹಿಂದೆ ಒಂದು ಕಡೆ, ಹೆಸರು ಬೇಡ, ಸಂಜೆ ಬಂದು ನೋಡಿದರೆ ನನ್ನ ಸ್ಕೂಟರ್ ಬೆಳಗ್ಗೆ ಬಿಟ್ಟ ಜಾಗದಲ್ಲಿ ಇರಲೇ ಇಲ್ಲ. ನಾಲ್ಕು ಸಾಲು ಒಳಗೆ ತಳ್ಳಿ, ಅದರ ಮುಂದೆ ಬುಲೆಟ್ಟು ನಿಲ್ಲಿಸಿದ್ದರು, ಎಡಗಡೆ ಕನ್ನಡಿ ಮುರಿದು ಜೋತಾಡುತ್ತಿತ್ತು. ಕೇಳಿದರೆ ಹುಡುಗ ನನ್ನ ಕೈಯಲ್ಲಿದ್ದ ಚೀಟಿಯನ್ನೇ ತಿರುಗಿಸಿ ತೋರಿಸಿದ. ಹಿಂದೆ ಸಣ್ಣ ಅಕ್ಷರದಲ್ಲಿ ವಾಹನದ ಜವಾಬ್ದಾರಿ ಮಾಲೀಕರದ್ದೇ ಎಂದು ಅಚ್ಚಾಗಿತ್ತು. ಹಾಗಾದರೆ ನಾವು ದುಡ್ಡು ಕೊಡುತ್ತಿರುವುದು ಯಾತಕ್ಕೆ? ನನಗೆ ಈಗಲೂ ಆ ವಿಷಯದಲ್ಲಿ ಸಿಟ್ಟಿದೆ.

ಈಗ ನಾನು ಸ್ಟೇಷನ್‌ಗೆ ಸ್ವಲ್ಪ ದೂರದಲ್ಲಿ ಒಬ್ಬರ ಮನೆ ಮುಂದಿನ ಶೀಟಿನ ಕೆಳಗೆ ಬಿಡುತ್ತೇನೆ, ತಿಂಗಳಿಗೆ 300 ರೂಪಾಯಿ. ಮನೆಯವರ ಕಣ್ಣೆದುರಿಗೇ ಗಾಡಿ ಇರುತ್ತದೆ, ಹೆಲ್ಮೆಟ್ ಒಳಗೆ ಇಡೋಕೂ ಒಪ್ಪಿದ್ದಾರೆ. ಒಂದೇ ಷರತ್ತು, ಹ್ಯಾಂಡಲ್ ಲಾಕ್ ಹಾಕಬಾರದು, ಅವರಿಗೆ ಸರಿಸೋಕೆ ಆಗಬೇಕು. ಸ್ಟೇಷನ್ ಸುತ್ತಮುತ್ತ ಇಂಥ ಜಾಗ ಇದೆಯಾ ಎಂದು ಅಂಗಡಿಯವರನ್ನು ವಿಚಾರಿಸಿ ನೋಡಿ. ಬೋರ್ಡು ಹಾಕಿರಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಮೆಟ್ರೋ ಕಡೆ ಬರೋಣ. ಕೆಂಗೇರಿಗೆ ಮೆಟ್ರೋ ಬಂದಿದ್ದು 2021ರ ಆಗಸ್ಟ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಬಂತು. ನಮ್ಮ ಕಡೆಯವರಿಗೆ ಚಲ್ಲಘಟ್ಟವೇ ಮೊದಲ ಸ್ಟೇಷನ್, ಕೂತು ಹೋಗಬೇಕು ಎನ್ನುವವರಿಗೆ ಅದೇ ಸರಿ. ನಾನು ಮಾತ್ರ ಹೆಚ್ಚಾಗಿ ಹೋಗುತ್ತಿದ್ದುದು ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೋ ಸ್ಟೇಷನ್‌ಗೆ. ಪಕ್ಕದಲ್ಲೇ ಬಿಎಂಟಿಸಿಯ ದೊಡ್ಡ ಕಟ್ಟಡ ಇದೆ, ತಲೆ ಮೇಲೆ ಸೂರಿರುವ ಕಡೆ ಗಾಡಿ ಬಿಡಬಹುದು, ಸಂಜೆ ಹೊತ್ತು ಸುತ್ತ ಜನ, ಬಸ್ಸು, ಬೆಳಕು ಇರುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ಎಂಟರ ಮೇಲೆ ಗಾಡಿ ತೆಗೆಯುವಾಗ ಆ ಬೆಳಕು ಎಷ್ಟು ಮುಖ್ಯ ಎಂದು ಪಾರ್ಕಿಂಗ್ ನಕ್ಷೆ ಬರೆಯುವವರು ಒಂದು ದಿನ ಬಂದು ನೋಡಬೇಕು.

ಮೆಟ್ರೋದ ದೊಡ್ಡ ಗುಣ, ರೈಲಿನ ಟೈಮ್‌ಟೇಬಲ್ ಬಾಯಿಪಾಠ ಮಾಡಬೇಕಿಲ್ಲ. ಒಂದು ತಪ್ಪಿದರೆ ಇನ್ನೊಂದು. ಕೆಂಗೇರಿಯಲ್ಲಿ ಹತ್ತಿದರೆ ಎಂ.ಜಿ. ರಸ್ತೆಯಲ್ಲೇ ಇಳಿಯಬಹುದು. ಮೀಟಿಂಗ್ ತಡವಾಯಿತು ಎಂದರೆ ಎದೆ ಹೊಡೆದುಕೊಳ್ಳುವುದಿಲ್ಲ. ರೈಲಿನಲ್ಲಿ ಹಾಗಲ್ಲ, ಸಂಜೆ ನಮ್ಮ ರೈಲು ತಪ್ಪಿತೆಂದರೆ ಮುಂದಿನದಕ್ಕೆ ಕಾಯಬೇಕು, ಅದು ಬಿಡದಿಯಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕು.

ಆದರೆ ಕೆಂಗೇರಿ ತಲುಪುವುದೇ ಒಂದು ಕೆಲಸ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ನಮಗೆ ಸರ್ವೀಸ್ ರಸ್ತೆಯೇ ಗತಿ. ಕುಂಬಳಗೋಡು ಕೈಗಾರಿಕಾ ಪ್ರದೇಶದ ಹತ್ತಿರ ಬೆಳಗ್ಗೆ ಲಾರಿ, ಫ್ಯಾಕ್ಟರಿ ಬಸ್, ಕಾಲೇಜ್ ಬಸ್ ಎಲ್ಲಾ ಅದೇ ರಸ್ತೆಗೆ ಇಳಿದಿರುತ್ತವೆ. ಮಳೆ ಬಂದರೆ ಎದುರಿನ ಗುಂಡಿ ನೀರಲ್ಲಿ ಮುಚ್ಚಿಹೋಗಿರುತ್ತದೆ, ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ. ಇಷ್ಟೆಲ್ಲಾ ಆಗಿ ಸ್ಟೇಷನ್ ಸೇರುವಷ್ಟರಲ್ಲಿ ಅರ್ಧ ದಿನದ ಶಕ್ತಿ ಖರ್ಚಾಗಿರುತ್ತದೆ.

ದುಡ್ಡಿನ ಲೆಕ್ಕವೂ ಜಾಸ್ತಿ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಸ್ಮಾರ್ಟ್ ಕಾರ್ಡ್‌ಗೆ 5 ಪರ್ಸೆಂಟ್ ರಿಯಾಯಿತಿ ಇದೆ, ಆದರೆ ರೈಲಿನಂಥ ತಿಂಗಳ ಪಾಸ್ ಇಲ್ಲ. ಪೆಟ್ರೋಲು, ಗಂಟೆ ಲೆಕ್ಕದ ಪಾರ್ಕಿಂಗ್ ಸೇರಿಸಿ. ರೈಲಿನ ಒಂದು ತಿಂಗಳ ಪಾಸಿನ ದುಡ್ಡು ಇಲ್ಲಿ ಒಂದೆರಡು ದಿನಕ್ಕೇ ಮುಗಿದುಹೋಗುತ್ತದೆ. ರೈಲಿನಲ್ಲಿ ಹೋದರೂ ಸಿಟಿಯಿಂದ ಮುಂದಕ್ಕೆ ಮೆಟ್ರೋ ಟಿಕೆಟ್ ಬೇಕೇ ಬೇಕು, ಆದರೆ ಅದು ಸ್ವಲ್ಪ ದೂರದ್ದು, ಹಾಗಾಗಿ ಹೊರೆ ಅನ್ನಿಸಲ್ಲ.

ಕೆಂಗೇರಿ ರೈಲು ನಿಲ್ದಾಣಕ್ಕೆ ಹೋಗಿ ಅಲ್ಲಿಂದ ರೈಲು ಹಿಡಿಯಬಹುದಲ್ವಾ ಎಂದು ಕೆಲವರು ಕೇಳಿದ್ದಾರೆ. ಆ ರಸ್ತೆಯ ಕಷ್ಟ ಪಟ್ಟು ಅಲ್ಲಿವರೆಗೆ ಹೋದ ಮೇಲೆ ಮೆಟ್ರೋನೇ ಹತ್ತಿ. ಕಾರಿನವರಿಗೆ ಎಕ್ಸ್‌ಪ್ರೆಸ್‌ವೇ ಇದೆ, ಟೋಲ್ ಇದೆ, ಪಾರ್ಕಿಂಗ್ ದರ ಇನ್ನೂ ಜಾಸ್ತಿ. ಇಬ್ಬರು ಮೂವರು ಸೇರಿ ಹೋದರೆ ಮಾತ್ರ ಯೋಚನೆ ಮಾಡಿ.

ಹಾಗಾದರೆ ಯಾವುದು? ಆಫೀಸ್ ಸಮಯ ನಿಗದಿಯಾಗಿದ್ದು ಸಂಜೆ ಹೊತ್ತಿಗೆ ಸರಿಯಾಗಿ ಹೊರಡಲು ಬಿಡುತ್ತಾರೆ ಎಂದರೆ ಕಣ್ಣುಮುಚ್ಚಿ ರೈಲು. ನಿಂತು ಹೋದರೂ ಲಾರಿಗಳ ಮಧ್ಯೆ ಸ್ಕೂಟರ್ ಓಡಿಸುವುದಕ್ಕಿಂತ ಮೈಗೂ ಮನಸ್ಸಿಗೂ ಹಿತ. ಶಿಫ್ಟ್ ಕೆಲಸದವರಿಗೆ, ಯಾವಾಗ ಬಿಡುತ್ತಾರೆ ಎಂಬ ಗ್ಯಾರಂಟಿ ಇಲ್ಲದವರಿಗೆ ಮೆಟ್ರೋನೇ ಸರಿ, ದುಬಾರಿಯಾದರೂ. ನಾನು ಪಾಸ್ ತಪ್ಪದೆ ರಿನ್ಯೂ ಮಾಡುತ್ತೇನೆ, ತಡವಾಗುವುದು ಮೊದಲೇ ಗೊತ್ತಿರುವ ದಿನ ಮಾತ್ರ ಕೆಂಗೇರಿ ದಾರಿ ಹಿಡಿಯುತ್ತೇನೆ.

ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಉಪನಗರ ರೈಲು ಬರುತ್ತದೆ ಎಂದು ಕಾಯುತ್ತಿರುವವರೂ ಇದ್ದಾರೆ. 148 ಕಿಲೋಮೀಟರ್‌ನ ಆ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, ಈ ಮಾರ್ಗಕ್ಕೆ ಪಾರಿಜಾತ ಎಂದು ಹೆಸರೂ ಇಟ್ಟಿದ್ದಾರೆ. ಬರಲಿ, ತುಂಬಾ ಸಂತೋಷ. ಅದಕ್ಕೂ ಮೊದಲು ಬಿಡದಿ, ರಾಮನಗರ, ಚನ್ನಪಟ್ಟಣದಂಥ ಕಡೆ ದಿನಾ ಗಾಡಿ ಬಿಟ್ಟು ರೈಲು ಹತ್ತುವವರಿಗೆ ಒಂದು ಶೀಟಿನ ಸೂರು, ನಾಲ್ಕು ದೀಪ, ತಿಂಗಳ ಪಾರ್ಕಿಂಗ್ ಪಾಸು, ಗಾಡಿಗೆ ಏನಾದರೂ ಆದರೆ ಉತ್ತರ ಕೊಡುವ ಒಬ್ಬ ಮನುಷ್ಯ ಬೇಕು. ಇದಕ್ಕೆ ಸಾವಿರಾರು ಕೋಟಿ ಬೇಕಾಗಿಲ್ಲ.