ಬಾಲ್ಕನಿ ಕ್ಯಾಬಿನ್ ಬುಕ್ ಮಾಡುವ ಮೊದಲು ಮೇಲೆ ಕೆಳಗೆ ಎಂತ ಉಂಟು ನೋಡಿ

ಸೀಸನ್‌ನಲ್ಲಿ ನಮ್ಮ ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶದ ಕ್ರೂಸ್ ಹಡಗು ಬರುತ್ತದೆ. ಅದರಲ್ಲಿ ಬಂದವರು ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಲ್ಲ ನೋಡಿ ಸಂಜೆ ಹಡಗು ಹತ್ತುತ್ತಾರೆ. ನಾವು ಅದನ್ನು ದೂರದಿಂದ ನೋಡುವುದಷ್ಟೇ. ಹತ್ತಬೇಕಿದ್ದರೆ ಮತ್ಸ್ಯಗಂಧ ರೈಲು ಹಿಡಿದು ಮುಂಬೈಗೆ ಹೋಗಬೇಕು. ನಾನು ಎರಡು ಸಲ ಹೋಗಿ ಬಂದೆ, ಎರಡೂ ಸಲ ಬಾಲ್ಕನಿ ಕ್ಯಾಬಿನ್. ಮೊದಲನೆಯದು ದುಡ್ಡು ದಂಡ, ಎರಡನೆಯದು ಇನ್ನೊಮ್ಮೆ ಹೋಗೋಣ ಅನ್ನುವ ಹಾಗಿತ್ತು. ಕಂಪನಿ ಹೆಸರು ಬೇಡ, ಅರ್ಧ ತಪ್ಪು ನನ್ನದೇ.

ಮೊದಲ ಸಲ ಮುಂಬೈನಿಂದ ಗೋವಾಕ್ಕೆ ಹೋಗಿ ಬರುವ ಟ್ರಿಪ್. ಬಾಲ್ಕನಿಯಲ್ಲೇ ಕಡಿಮೆ ರೇಟಿನದು ಒಂದಿತ್ತು, ಹೆಸರು ಗ್ಯಾರಂಟಿ ಕ್ಯಾಬಿನ್. ಹೆಸರು ಕೇಳಿ ಒಳ್ಳೆಯದೇ ಇರಬೇಕು ಅಂದುಕೊಂಡೆ. ಬಾಲ್ಕನಿ ಸಿಗುವುದು ಮಾತ್ರ ಗ್ಯಾರಂಟಿ ಮಾರಾಯ್ರೆ, ಯಾವ ಬಾಲ್ಕನಿ ಅಂತ ಅವರೇ ತೀರ್ಮಾನ ಮಾಡುತ್ತಾರೆ. ಬಾಗಿಲು ಸರಿಸಿದೆ. ಎದುರಿಗೆ ಸಮುದ್ರ ಇಲ್ಲ, ಲೈಫ್‌ಬೋಟಿನ ಕಿತ್ತಳೆ ಬಣ್ಣದ ಬೆನ್ನು. ಅದರ ಮೇಲೆ ಹಕ್ಕಿ ಹಿಕ್ಕೆ ಒಣಗಿ ಬಿಳಿ ಚುಕ್ಕಿ. ರೇಲಿಂಗ್ ಹಿಡಿದು ಬಗ್ಗಿದರೆ ಬೋಟಿಗೂ ಹಡಗಿಗೂ ನಡುವಿನ ಸಂದಿಯಲ್ಲಿ ಒಂದು ಪಟ್ಟಿಯಷ್ಟು ನೀರು ಕಾಣುತ್ತಿತ್ತು. ಕೌಂಟರಿನಲ್ಲಿ ಕೇಳಿದ್ದಕ್ಕೆ, ಬುಕಿಂಗ್ ಷರತ್ತಿನಲ್ಲಿ ಬರೆದಿದೆಯಲ್ಲ ಸರ್ ಅಂದರು. ಬರೆದಿತ್ತು, ಹೌದು. ಸಾಲದ್ದಕ್ಕೆ ನಮ್ಮ ಕೆಳಗಿನ ಮಹಡಿಯಲ್ಲಿ ಡಿಸ್ಕೋ ಹಾಲ್, ರಾತ್ರಿ ಒಂದು ಗಂಟೆವರೆಗೆ ಮಂಚದ ಕಾಲಿನಿಂದ ಡುಮ್ ಡುಮ್.

ಅಕ್ಕ ಭಾವನಿಗೆ ಸಮುದ್ರ ಚೆನ್ನಾಗಿ ಕಾಣುವ ರೂಮೇ ಸಿಕ್ಕಿತ್ತು, ಆದರೆ ಅದು ಈಜುಕೊಳದ ಸರಿ ಕೆಳಗೆ. ಬೆಳಿಗ್ಗೆ ಐದೂವರೆಗೆ ಮೇಲೆ ಕುರ್ಚಿ ಎಳೆದು ಸಾಲಾಗಿ ಇಡುವ ಕೆಲಸ ಶುರು. ಭಾವ ತಿಂಡಿಗೆ ಬರುವಾಗಲೇ ಅರ್ಧ ನಿದ್ದೆಯಲ್ಲಿದ್ದರು.

ಅದಕ್ಕೇ ಎರಡನೇ ಸಲ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ರೂಮ್ ನಂಬರ್ ನಾನೇ ಆರಿಸಿದೆ. ಹಡಗಿನ ಪ್ರತಿ ಮಹಡಿಯ ನಕ್ಷೆ ಕಂಪನಿಯ ಸೈಟಿನಲ್ಲೇ ಇರುತ್ತದೆ. ರೂಮಿನ ಫೋಟೋ ನೋಡಿ ಪ್ರಯೋಜನ ಇಲ್ಲ, ಎಲ್ಲ ಒಂದೇ ಥರ. ನೀವು ಆರಿಸಿದ ರೂಮಿನ ಮೇಲಿನ ಮತ್ತು ಕೆಳಗಿನ ಮಹಡಿಯಲ್ಲಿ ಅದೇ ಜಾಗದಲ್ಲಿ ಏನಿದೆ ಅಂತ ನೋಡಿ. ಎರಡೂ ಕಡೆ ಮಲಗುವ ರೂಮೇ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ನಕ್ಷೆಯಲ್ಲಿ ಏನೂ ಬರೆಯದ ಖಾಲಿ ಜಾಗ ಇದ್ದರೆ ಸ್ವಲ್ಪ ಅನುಮಾನ ಇರಲಿ, ಅಲ್ಲಿ ಕೆಲಸದವರ ಟ್ರಾಲಿ ಓಡಾಡುವ ಪ್ಯಾಂಟ್ರಿ ಇರಬಹುದು. ಪಕ್ಕದ ರೂಮಿಗೆ ನಡುವೆ ಬಾಗಿಲು ಇರುವ ಕ್ಯಾಬಿನ್ ಕೂಡ ಬೇಡ, ಆಚೆಯವರ ಫೋನ್ ಮಾತೆಲ್ಲ ಕೇಳುತ್ತದೆ.

ಅಮ್ಮನಿಗೆ ಆಗುಂಬೆ ಘಾಟಿಯಲ್ಲೇ ವಾಂತಿ. ಹಡಗಿನಲ್ಲಿ ಹೇಗೆ ಅಂತ ನಮ್ಮ ಪಕ್ಕದ ಮನೆಯವರನ್ನು ಕೇಳಿದೆ, ಅವರು ಮೀನಿನ ಬೋಟಿನಲ್ಲಿ ತಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. 'ದೊಡ್ಡದಾದರೆ ಏನು, ಅದೂ ಬೋಟೇ ಅಲ್ವಾ? ನಡುವೆ ಮಲಗಿಸಿ' ಅಂದರು. ಅಷ್ಟೇ ವಿಷಯ. ಉದ್ದಕ್ಕೆ ನಡುಭಾಗ, ಎತ್ತರದಲ್ಲಿ ಆದಷ್ಟು ಕೆಳಗಿನ ಮಹಡಿ, ಅಲ್ಲಿ ಅಲುಗಾಟ ಕಡಿಮೆ. ತುತ್ತತುದಿಯ ಮಹಡಿಯ ಮುಂಭಾಗದ ರೂಮಿಗೆ ರೇಟು ಜಾಸ್ತಿ, ಓಲಾಟವೂ ಅಲ್ಲೇ ಜಾಸ್ತಿ. ಹಿಂಭಾಗದಿಂದ ಹಡಗು ಬಿಟ್ಟು ಬಂದ ನೊರೆಯ ದಾರಿ ಚಂದ ಕಾಣುತ್ತದಂತೆ, ಆದರೆ ಪ್ರೊಪೆಲ್ಲರ್ ಆ ಕಡೆಯೇ ಇರುವುದರಿಂದ ನಡುಕ ಇರುತ್ತದೆ.

ಇನ್ನು ಎಡವೋ ಬಲವೋ. ಗೋವಾಕ್ಕೆ ಹೋಗಿ ಅದೇ ಹಡಗಿನಲ್ಲಿ ಬರುವವರು ತಲೆ ಕೆಡಿಸಿಕೊಳ್ಳಬೇಡಿ, ಹೋಗುವಾಗ ಪಡುವಣ ನೋಡುತ್ತಿದ್ದ ರೂಮು ಬರುವಾಗ ಮೂಡಣ ನೋಡುತ್ತದೆ. ನಮ್ಮದು ಮುಂಬೈನಿಂದ ಕೊಚ್ಚಿಗೆ ಒನ್ ವೇ, ಅಲ್ಲಿಂದ ರೈಲಲ್ಲಿ ಮನೆಗೆ. ಬುಕಿಂಗ್ ಹುಡುಗ ಬಲಗಡೆ ತಗೊಳ್ಳಿ, ಸೂರ್ಯಾಸ್ತ ಸಿಗುತ್ತದೆ ಅಂದ. ಸಮುದ್ರಕ್ಕೆ ಸೂರ್ಯ ಇಳಿಯುವುದನ್ನು ನಾವು ಹುಟ್ಟಿದಂದಿನಿಂದ ಬಿಟ್ಟಿಯಾಗಿ ನೋಡುತ್ತಾ ಇದ್ದೇವೆ, ತಣ್ಣೀರುಬಾವಿ ಬೀಚಿಗೆ ಹೋದರೆ ಪಕ್ಕದಲ್ಲಿ ಚರ್ಮುರಿಯೂ ಸಿಗುತ್ತದೆ. ಸಮುದ್ರದಿಂದ ಸೂರ್ಯ ಮೇಲೆ ಬರುವುದನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ ಹೇಳಿ? ಎಡಗಡೆ ತಗೊಂಡೆ. ದಡ ಕಾಣದಷ್ಟು ದೂರದಲ್ಲಿ ಹಡಗು ಹೋಗುತ್ತಿತ್ತು. ಬೆಳಿಗ್ಗೆ ಅಮ್ಮ ಶಾಲು ಹೊದ್ದು ಕುಳಿತಿದ್ದರು, ರೇಲಿಂಗ್ ತುಂಬ ಉಪ್ಪಿನ ಅಂಟು, ಗಾಳಿಗೆ ಚಹಾ ಎರಡು ನಿಮಿಷದಲ್ಲಿ ತಣ್ಣಗೆ. ನೀರಿನ ಗೆರೆ ಮೊದಲು ಕೆಂಪಾಯಿತು, ಆಮೇಲೆ ಅಲ್ಲಿಂದ ಸೂರ್ಯ ಬಂದ. 'ಇವತ್ತು ಉಲ್ಟಾ' ಅಂದರು ಅಮ್ಮ. ಇನ್ನೊಂದು ಲಾಭ, ಎಡಗಡೆ ಮಧ್ಯಾಹ್ನದ ಮೇಲೆ ಬಿಸಿಲಿಲ್ಲ.

ಅದೇ ದಿನ ರಾತ್ರಿ ಊಟ ಮುಗಿಸಿ ಬಂದಾಗ ದೂರದಲ್ಲಿ ಏಳೆಂಟು ಬೋಟಿನ ದೀಪ ಕಂಡವು. ಟಿವಿಯ ನಕ್ಷೆಯಲ್ಲಿ ನಮ್ಮ ಊರಿನ ನೇರಕ್ಕೆ ಇದ್ದೆವು. ಅವು ಮಲ್ಪೆಯವೇ ಅಂತ ಅಮ್ಮ ಹಟ ಹಿಡಿದರು, ನಾನು ವಾದ ಮಾಡಲಿಲ್ಲ.

ಬೇಸರ ಆದದ್ದೂ ಇದೆ. ಬಾಲ್ಕನಿ ಅಂದರೆ ಎರಡು ಕುರ್ಚಿ, ಒಂದು ಸಣ್ಣ ಮೇಜು, ಮೂರನೆಯವರು ನಿಂತೇ ಇರಬೇಕು. ಅದರ ಬಾಗಿಲು ತೆರೆದಿಟ್ಟರೆ ಎಸಿ ನಿಲ್ಲುತ್ತಿತ್ತು. ಅಮ್ಮ ಒದ್ದೆ ಟವೆಲ್ ರೇಲಿಂಗಿಗೆ ಹಾಕಿದ್ದಕ್ಕೆ ರೂಮಿನ ಹುಡುಗ ಬಂದು, ಹಾರಿ ಹೋಗುತ್ತದೆ, ತೆಗೀರಿ ಅಮ್ಮ ಅಂದ. ರೇಟು ರೂಮಿಗಲ್ಲ, ತಲೆಗೆ ಇಷ್ಟು ಅಂತ ಇರುತ್ತದೆ, ಲೆಕ್ಕ ಹಾಕುವಾಗ ನೆನಪಿರಲಿ. ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡುವಾಗ ತಲೆ ತಿರುಗುತ್ತದೆ.

ಎರಡು ರಾತ್ರಿಯ ಟ್ರಿಪ್, ಶೋ, ಡ್ಯಾನ್ಸ್, ಬಫೆ ಅಂತ ಹೋಗುವವರಿಗೆ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನೇ ಸಾಕು, ರೂಮಿಗೆ ಹೋಗುವುದೇ ಮಲಗಲಿಕ್ಕೆ. ವಯಸ್ಸಾದವರು ಜೊತೆಗಿದ್ದರೆ, ಒಂದು ಹಗಲಾದರೂ ಪೂರ್ತಿ ಸಮುದ್ರದಲ್ಲೇ ಇರುವುದಾದರೆ ಬಾಲ್ಕನಿ ತಗೊಳ್ಳಿ, ನಂಬರ್ ನೋಡಿಯೇ. ಇದನ್ನೆಲ್ಲ ಮೊನ್ನೆ ಭಾವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಎಲ್ಲ ಕೇಳಿ, ಡಿಸೆಂಬರಿಗೆ ಆಫರ್ ಇತ್ತು, ನಿನ್ನೆಯೇ ಗ್ಯಾರಂಟಿ ಕ್ಯಾಬಿನ್ ಬುಕ್ ಮಾಡಿ ಆಯ್ತು ಅಂದರು.