ಮೈಸೂರಿನಲ್ಲಿ ಮಕ್ಕಳ ಜೊತೆ: ಝೂ, ಕಾರಂಜಿ ಕೆರೆ, ರೈಲ್ವೆ ಮ್ಯೂಸಿಯಂ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೊರಟವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ರೈಲ್ವೆ ಮ್ಯೂಸಿಯಂ. ಝೂ ಅಲ್ಲ. ನಮ್ಮ ಮನೆಯಲ್ಲೇ ಇದನ್ನು ಒಪ್ಪದವರಿದ್ದಾರೆ. ಆದರೆ ಮೂರೂ ಕಡೆ ಮಕ್ಕಳ ಜೊತೆ ಸುತ್ತಿದ ಮೇಲೆ ನನಗಂತೂ ಅನುಮಾನ ಉಳಿದಿಲ್ಲ.

ಝೂ ಚೆನ್ನಾಗಿಲ್ಲ ಅಂತಲ್ಲ. 1892ರಲ್ಲಿ ಶುರುವಾದ ಜಾಗ, ಒಳ್ಳೆ ನೆರಳು, ಜಿರಾಫೆ, ಗೊರಿಲ್ಲಾ ಎಲ್ಲ ಇವೆ. ಕಷ್ಟ ಇರುವುದು ನಡಿಗೆಯಲ್ಲಿ. ಪೂರ್ತಿ ಸುತ್ತಿದರೆ ಸುಮಾರು 3 ಕಿಲೋಮೀಟರ್. ನಮ್ಮ ನಾಲ್ಕು ವರ್ಷದ ಮಗ ಜಿರಾಫೆ ಕಂಡು ಕುಣಿದಾಡಿದ. ಅರ್ಧ ದಾರಿಗೆ ಬರುವಷ್ಟರಲ್ಲಿ "ಅಪ್ಪಾ, ಎತ್ಕೋ" ಶುರುವಾಯಿತು. ಹುಲಿ ಬಂದಾಗ ನನ್ನ ಹೆಗಲ ಮೇಲೆ ಗಾಢ ನಿದ್ದೆ. ಎಬ್ಬಿಸಿದರೆ ಅಳು.

ಅಕ್ಕನದು ಬೇರೆಯೇ ಕಥೆ. ಒಂಬತ್ತು ವರ್ಷ, ಪ್ರತಿ ಬೋರ್ಡ್ ಓದಲೇಬೇಕು. ಪ್ರಾಣಿ ಏನು ತಿನ್ನುತ್ತೆ, ಯಾವ ದೇಶದ್ದು, ಎಲ್ಲ ಗೊತ್ತಾಗದೆ ಕಾಲು ಕೀಳುವುದಿಲ್ಲ. ಒಬ್ಬನಿಗೆ ಹೊರಗೆ ಹೋಗಬೇಕು, ಇನ್ನೊಬ್ಬಳಿಗೆ ನಿಲ್ಲಬೇಕು. ಅತ್ತ "ಎರಡು ಗಂಟೆ ಸಾಕು ಸರ್" ಎಂದು ಕರೆತಂದಿದ್ದ ಟ್ಯಾಕ್ಸಿಯವರು ಮಿಕ್ಕ ಹೊತ್ತಿಗೆಲ್ಲ ವೇಟಿಂಗ್ ಚಾರ್ಜ್ ಹಾಕಿದರು. ನಮ್ಮೆಲ್ಲರ ಟಿಕೆಟ್‌ಗಿಂತ ಅದೇ ಜಾಸ್ತಿ! ಪುಟ್ಟ ಮಕ್ಕಳಿದ್ದರೆ ಬ್ಯಾಟರಿ ಗಾಡಿಯ ಬಗ್ಗೆ ಗೇಟಿನಲ್ಲೇ ವಿಚಾರಿಸಿ.

ಕಾರಂಜಿ ಕೆರೆ ಝೂ ಪಕ್ಕದಲ್ಲೇ ಇದೆ. ದೊಡ್ಡ ಪಕ್ಷಿಮನೆಯೊಳಗೇ ನಡೆದು ಹೋಗಬಹುದು. ದೋಣಿ ಇದೆ. ಅಜ್ಜ ಅಜ್ಜಿ ಜೊತೆಗಿದ್ದರೆ ಇದಕ್ಕಿಂತ ಹಿತವಾದ ಜಾಗ ಇಲ್ಲ.

ಇನ್ನು ರೈಲ್ವೆ ಮ್ಯೂಸಿಯಂ. 1979ರಲ್ಲಿ ಶುರುವಾಯಿತು. ಚಿಕ್ಕದು, ಅದೇ ಅದರ ಗುಣ. ಬೆಂಚಿನ ಮೇಲೆ ಕೂತರೆ ಮಕ್ಕಳು ಹೆಚ್ಚುಕಡಿಮೆ ಕಣ್ಣಳತೆಯಲ್ಲೇ ಇರುತ್ತಾರೆ. ಹಳೆಯ ಉಗಿ ಇಂಜಿನ್‌ನ ಚಕ್ರದ ಪಕ್ಕ ನಿಂತರೆ ಮಗನಿಗಿಂತ ಚಕ್ರವೇ ಎತ್ತರ. ಅವನು ಅದರ ಕಡ್ಡಿಗಳನ್ನು ಒಂದೊಂದೇ ಮುಟ್ಟಿ ಎಣಿಸಿದ, ತಪ್ಪಿತು, ಮತ್ತೆ ಮೊದಲಿಂದ. ಮಗಳಿಗೆ ಹಿಡಿಸಿದ್ದು ಮಹಾರಾಣಿಯವರ ಸಲೂನ್. 1899ರ ಬೋಗಿ. ರೈಲಿನಲ್ಲೇ ಅಡುಗೆಮನೆ, ಸ್ನಾನದ ಮನೆ! ರಸ್ತೆ ಕಾರಿಗೆ ರೈಲಿನ ಚಕ್ರ ಹಾಕಿ ಹಳಿಯ ಮೇಲೆ ಓಡಿಸುತ್ತಿದ್ದ ಆಸ್ಟಿನ್ ಗಾಡಿಯೂ ಇದೆ, ತಪ್ಪದೆ ತೋರಿಸಿ. ಕೊನೆಗೆ ಪುಟಾಣಿ ರೈಲು. ಇಳಿದ ಕೂಡಲೇ "ಇನ್ನೊಂದ್ ಸಲ" ಅಂತಾರೆ, ಅದಕ್ಕೂ ಚಿಲ್ಲರೆ ಇಟ್ಟುಕೊಂಡಿರಿ.

ನಾವು ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು ಸಂಜೆ ವಾಪಸ್ ಹೋಗುವವರು. ಮ್ಯೂಸಿಯಂ ಸ್ಟೇಷನ್‌ಗೆ ಹತ್ತಿರ, ಟ್ಯಾಕ್ಸಿಯ ಗೊಡವೆಯೇ ಇಲ್ಲ. ಆ ದುಡ್ಡಲ್ಲಿ ನಾಲ್ಕೂ ಜನ ಹೊಟ್ಟೆ ತುಂಬ ಮಸಾಲೆ ದೋಸೆ ತಿನ್ನಬಹುದು. ರಾತ್ರಿ ಉಳಿಯುವವರಾದರೆ, ಮಕ್ಕಳಿಗೆ ಏಳೆಂಟು ದಾಟಿದ್ದರೆ, ಝೂಗೆ ಖಂಡಿತ ಹೋಗಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಂಗಳವಾರ ಮಾತ್ರ ಬೇಡ, ಅವತ್ತು ರಜೆ.